ಒಲೆಯಿಲ್ಲದ ಬಚ್ಚಲು

ಸ್ನಾನಕ್ಕೆಂದು 12 ಕಿಲೋಮೀಟರು ಬೆಟ್ಟ ಹತ್ತುವುದು, ಸ್ನಾನ ಮುಗಿಸಿ ಅಷ್ಟೇ ದೂರ ಇಳಿದು ಇನ್ನೊಂದು ಸ್ನಾನಕ್ಕೆ ಬೇಕಾಗುವಷ್ಟು ಬೆವರುವುದು. "ಇದರಲ್ಲಿ ಎಂತ ಲಾಭ ಉಂಟು?" ಎಂದು ಚಿಕ್ಕಪ್ಪ ಕೇಳಿದರು. ಅವರು ಪುತ್ತೂರು ಸೀಮೆಯ ಅಡಿಕೆ ಕೃಷಿಕರು. ಹಾಕಿದ ಖರ್ಚು ಹುಟ್ಟುತ್ತದೋ ಇಲ್ಲವೋ ಎಂದು ನೋಡದೆ ಯಾವ ಕೆಲಸಕ್ಕೂ ಕೈ ಹಾಕಿದವರಲ್ಲ. "ಬಿಸಿನೀರಿನ ಬುಗ್ಗೆಯೇ ಆಗಬೇಕಿದ್ದರೆ ನಮ್ಮ ಇರ್ದೆಯಲ್ಲಿ ಬೆಂದ್ರ್ ತೀರ್ಥ ಇಲ್ಲವಾ? ಬೆಳಿಗ್ಗೆ ಹೋದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಮುಟ್ಟಬಹುದು."

ಮಾತು ಸರಿಯೇ. ಸೀರೆ ಹೊಳೆಯ ದಂಡೆಯಲ್ಲಿ ಬೆಂದ್ರ್ ತೀರ್ಥ ಇದೆ. ನಮ್ಮ ರಾಜ್ಯದಲ್ಲಿ ಬಿಸಿನೀರಿನ ಬುಗ್ಗೆ ಎಂದು ಕೈ ತೋರಿಸಲು ಬೇರೆ ಜಾಗ ಸಿಗುವುದು ಕಷ್ಟ. ಆದರೆ ಅಲ್ಲಿಯ ನೀರು ಮೈಬಿಸಿಗಿಂತ ತುಸು ಮೇಲೆ, ಅಷ್ಟೇ. ಏಪ್ರಿಲ್ ತಿಂಗಳಲ್ಲಿ ಬೈರಾಸು ಹೆಗಲಿಗೆ ಹಾಕಿಕೊಂಡು ಜಗಲಿಯಲ್ಲಿ ಕೂತು ಹಾಳೆಯ ಬೀಸಣಿಗೆ ಬೀಸಿಕೊಳ್ಳುವ ಊರಿಗೆ ಬಿಸಿನೀರಿನ ಬುಗ್ಗೆ ದಯಪಾಲಿಸಿದ ಭಗವಂತನ ಲೆಕ್ಕಾಚಾರ ನನಗೆ ಈವರೆಗೆ ಅರ್ಥವಾಗಿಲ್ಲ. ಬಿಸಿನೀರಿನ ಬೆಲೆ ತಿಳಿಯಬೇಕಾದರೆ ಮೊದಲು ಹಲ್ಲು ಕಟಕಟ ಎನ್ನಬೇಕು. ಪುತ್ತೂರಿನಲ್ಲಿ ಆ ಸೌಲಭ್ಯ ಇಲ್ಲ.

ಬೆಂಗಳೂರಿನಲ್ಲಿ ಚಳಿ ಸ್ವಲ್ಪ ಇದೆ, ಬಿಸಿನೀರೂ ಇದೆ, ಆದರೆ ಅವೆರಡೂ ಒಂದೇ ಹೊತ್ತಿಗೆ ಸಿಗುವುದಿಲ್ಲ. ನಮ್ಮ ಫ್ಲ್ಯಾಟಿನದು ಸೋಲಾರ್. ತಾರಸಿಯಿಂದ ನಮ್ಮ ಮಹಡಿಗೆ ಬಿಸಿ ಇಳಿದು ಬರುವ ಮೊದಲು ಪೈಪಿನಲ್ಲಿ ರಾತ್ರಿಯಿಡೀ ನಿಂತ ತಣ್ಣೀರು ಹೋಗಬೇಕು. ಟ್ಯಾಂಕರಿಗೆ ದುಡ್ಡು ಎಣಿಸಿ ಕೊಟ್ಟವರಿಗೆ ನೀರು ಸುಮ್ಮನೆ ಚೆಲ್ಲಲು ಕೈ ಬರುತ್ತದೆಯೇ? ಬಟ್ಟೆ ನೆನೆಸುವ ನೀರು, ನೆಲ ಒರೆಸುವ ನೀರು, ತುಳಸಿಗೆ ನೀರು ಎಂದು ಒಂದೊಂದೇ ಪಾತ್ರೆ ತುಂಬಿ, ಅಂತೂ ಬಿಸಿ ಬಂತು ಎನ್ನುವಾಗ ಆಫೀಸಿನ ಹೊತ್ತು ಮೀರಿರುತ್ತದೆ. ಮೋಡ ಕವಿದ ದಿನ ಗೀಸರು. ಗೀಸರು ಹಾಕಿದರೆ, "ಆಫ್ ಮಾಡಿದಿರಾ?" ಎಂಬ ಕೂಗು ಮೈಗೆ ಸೋಪು ಹಚ್ಚುವುದಕ್ಕೆ ಮೊದಲೇ ಬರುತ್ತದೆ.

ಹೀಗಾಗಿ ಖೀರ್‌ಗಂಗಾ. ಹಿಮಾಚಲದ ಕುಲ್ಲು ಜಿಲ್ಲೆಯ ಪಾರ್ವತಿ ಕಣಿವೆ, ಸುಮಾರು 2,950 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯಿಂದ ಇನ್ನೂ ಸಾವಿರ ಮೀಟರ್ ಮೇಲೆ. ವಾಹನ ಹೋಗುವುದು ಬರ್ಶೈನಿಯ ತನಕ, ಅಲ್ಲಿಂದ ಮುಂದೆ ಕಾಲುಗಳೇ ಗತಿ.

ಜತೆಗೆ ಹೆಂಡತಿ ಮತ್ತು ಅವಳ ಅಣ್ಣ. ಭಾವ ಬ್ಯಾಂಕಿನಿಂದ ನಿವೃತ್ತರಾದವರು, ಸ್ನಾನದ ವಿಷಯದಲ್ಲಿ ನಿವೃತ್ತಿ ಎಂಬುದೇ ಇಲ್ಲದವರು. ಬದರಿಯ ತಪ್ತಕುಂಡದಲ್ಲಿ ಮಿಂದು ಬಂದಿದ್ದಾರೆ. ಯಮುನೋತ್ರಿಯ ಸೂರ್ಯಕುಂಡದಲ್ಲಿ ಬಟ್ಟೆಯ ಗಂಟಿನಲ್ಲಿ ಅಕ್ಕಿ ಇಳಿಬಿಟ್ಟು ಬೇಯಿಸಿದ ಪ್ರಸಾದವನ್ನು ಊರಿಗೆಲ್ಲ ಹಂಚಿದ್ದಾರೆ. ದೇವರ ದರ್ಶನ ಹೇಗಾಯಿತು ಎಂದರೆ "ಚೆನ್ನಾಗಿ ಆಯಿತು" ಎನ್ನುತ್ತಾರೆ. ಕುಂಡದ ನೀರು ಹೇಗಿತ್ತು ಎಂದರೆ ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಹಿಂದಿಯೂ ಅವರಿಗೆ ಬರುತ್ತದೆ, ಆದರೆ ಅದು ಬ್ಯಾಂಕಿನ ಸುತ್ತೋಲೆಗಳಿಂದ ಕಲಿತ ಹಿಂದಿ. ಭುಂತರ್‌ನ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಮಾರುವ ಹುಡುಗನಿಗೆ ಅವರು, "ಕೃಪಯಾ ತೀನ್ ಚಾಯ್ ಉಪಲಬ್ಧ್ ಕರಾಯೇಂ" ಎಂದರು. ಹುಡುಗ ಗಾಬರಿಯಿಂದ ಒಳಗೆ ಹೋಗಿ ಅಪ್ಪನನ್ನು ಕರೆದುಕೊಂಡು ಬಂದ.

ಬರ್ಶೈನಿಗಿಂತ ಮೊದಲು ಮಣಿಕರಣ್ ಸಿಗುತ್ತದೆ. ಪಾರ್ವತಿಯ ಕಿವಿಯ ಮಣಿ ಇಲ್ಲಿ ನೀರಿಗೆ ಬಿತ್ತಂತೆ. ಹುಡುಕಿ ಹುಡುಕಿ ಸಿಗದೆ ಶಿವ ಕೆರಳಿದಾಗ ಪಾತಾಳದಲ್ಲಿದ್ದ ಶೇಷ ಬುಸುಗುಟ್ಟಿದ, ಮಣಿಯ ಜತೆಗೆ ಬಿಸಿನೀರೂ ಮೇಲೆ ಬಂತು. ಕಳೆದುಹೋದ ಓಲೆಗಾಗಿ ಗಂಡ ಇಷ್ಟೆಲ್ಲ ಮಾಡಿದ ಎಂಬಲ್ಲಿ ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ನದಿಯ ಕಡೆ ನೋಡಿದೆ. ನದಿ ಬೂದುಬಣ್ಣದ ಹಿಮನೀರು, ಕೈ ಅದ್ದಿದರೆ ಬೆರಳು ಮರಗಟ್ಟುತ್ತದೆ. ಅದರ ದಂಡೆಯಲ್ಲೇ, ಕೂಗಳತೆಯೂ ಇಲ್ಲದ ದೂರದಲ್ಲಿ, ಕುದಿಯುವ ನೀರು. 90 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಬಿಸಿ. ಅಷ್ಟು ಎತ್ತರದಲ್ಲಿ ನೀರು 100 ಡಿಗ್ರಿ ಮುಟ್ಟುವ ಮೊದಲೇ ಕುದಿಯುವುದರಿಂದ, ಅದು ಹೆಚ್ಚುಕಡಿಮೆ ಮರಳುವ ನೀರೇ. ಗುರುದ್ವಾರದ ಲಂಗರಿಗೆ ಅನ್ನ, ಬೇಳೆ, ಕಡಲೆ ಇದರಲ್ಲೇ ಬೇಯುತ್ತವೆ. ಬಾಯಿ ಮುಚ್ಚಿದ ದೊಡ್ಡ ದೊಡ್ಡ ಪಾತ್ರೆಗಳನ್ನು ಕುಂಡದಲ್ಲಿ ಇಳಿಬಿಟ್ಟು ಎದ್ದು ಹೋಗುತ್ತಾರೆ, ಹೊತ್ತಾದ ಮೇಲೆ ಬಂದು ಎತ್ತುತ್ತಾರೆ. ಹೆಂಡತಿ ಬಗ್ಗಿ ಬಗ್ಗಿ ಪಾತ್ರೆಯ ಬುಡ ನೋಡಿದಳು. ಉರಿ ಇಲ್ಲದೆ ಅನ್ನ ಬೇಯುವುದನ್ನು ಅವಳ ಕಣ್ಣು ಒಪ್ಪಲಿಲ್ಲ. "ಸಿಲಿಂಡರು ಬುಕ್ ಮಾಡುವ ರಗಳೆ ಇಲ್ಲ, ಮುಗಿಯಿತಾ ಇಲ್ಲವಾ ಎಂದು ಅಲ್ಲಾಡಿಸಿ ನೋಡುವುದೂ ಇಲ್ಲ," ಎಂದಳು. ಅದನ್ನು ಭಕ್ತಿಯಿಂದಲೇ ಹೇಳಿದಳು.

ವಿಜ್ಞಾನಿಗಳೂ ಈ ನೀರನ್ನು ಸುಮ್ಮನೆ ಬಿಟ್ಟಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು ಮಣಿಕರಣದಲ್ಲಿ ಪ್ರಯೋಗಕ್ಕೆಂದು 5 ಕಿಲೋವಾಟಿನ ಪುಟ್ಟ ವಿದ್ಯುತ್ ಘಟಕ ಕೂರಿಸಿದ್ದರು. ವಿಮಾನದವರಿಗೆ ಬಿಸಿನೀರಿನಲ್ಲಿ ಏನು ಕೆಲಸ ಎಂದು ಕೇಳಬೇಡಿ, ಒಳ್ಳೆಯ ಸ್ನಾನದ ಜಾಗ ಎಂದರೆ ಯಾರಿಗಾದರೂ ಒಂದು ಪ್ರಾಜೆಕ್ಟ್ ಹೊಳೆಯುತ್ತದೆ. ದಿಲ್ಲಿಯ ಐಐಟಿಯವರು ಇನ್ನೂ ಮುಂದೆ ಹೋಗಿ ಇದೇ ಬಿಸಿನೀರಿನ ಬಲದಿಂದ 7.5 ಟನ್ ಸಾಮರ್ಥ್ಯದ ಶೀತಲಗೃಹ ನಡೆಸಿ ನೋಡಿದರು. "ಬಿಸಿನೀರಿನಿಂದ ತಂಪು ಮಾಡುವುದಾ?" ಎಂದು ಭಾವ ಹುಬ್ಬೇರಿಸಿದರು. "ಇಂಥದ್ದಕ್ಕೆ ನಾವು ಸಾಲ ಕೊಟ್ಟಿದ್ದರೆ ಆಡಿಟಿನವರು ಬಿಡುತ್ತಿರಲಿಲ್ಲ ಭಾವ."

ನಾವಿಬ್ಬರೂ ಒಬ್ಬರಿಗೊಬ್ಬರು ಭಾವಂದಿರೇ. ನಮ್ಮ ಕಡೆ ಆ ಸಂಬೋಧನೆ ಎರಡೂ ದಿಕ್ಕಿಗೆ ಹೋಗುತ್ತದೆ.

ಹಿಮಾಲಯದ ಈ ಭಾಗದಲ್ಲಿ ಜ್ವಾಲಾಮುಖಿ ಇಲ್ಲ, ಮತ್ತೆ ನೀರು ಬಿಸಿಯಾಗುವುದು ಹೇಗೆ ಎಂದು ಅವರು ಕೇಳಿದ್ದಕ್ಕೆ ನನಗೆ ಗೊತ್ತಿದ್ದಷ್ಟು ಹೇಳಿದೆ. ಮಳೆಯ ನೀರು, ಕರಗಿದ ಹಿಮದ ನೀರು ಬಂಡೆಯ ಬಿರುಕಿನೊಳಗೆ ಇಳಿಯುತ್ತದೆ. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಬಿಸಿ ಏರುತ್ತದೆ, ಹಿಮಾಲಯದ ಇಂಥ ಕಣಿವೆಗಳಲ್ಲಿ ಅದಕ್ಕಿಂತಲೂ ಹೆಚ್ಚು. ಆಳದಲ್ಲಿ ಕಾದ ನೀರಿಗೆ ಮೇಲೆ ಬರಲು ಒಂದು ದೊಡ್ಡ ಬಿರುಕು ಸಿಕ್ಕಿ, ದಾರಿಯಲ್ಲಿ ತಣಿಯುವಷ್ಟು ಹೊತ್ತು ಸಿಗದಿದ್ದರೆ ಬುಗ್ಗೆಯಾಗುತ್ತದೆ. ಭಾವ ಒಂದು ಕ್ಷಣ ಯೋಚಿಸಿ, "ಫಿಕ್ಸೆಡ್ ಡೆಪಾಸಿಟ್ ಹಾಗೆ. ಹಾಕಿದ್ದು ಹಿಮ, ಅವಧಿ ಮುಗಿದು ಕೈಗೆ ಬಂದದ್ದು ಬಿಸಿನೀರು," ಎಂದರು. ಭೂವಿಜ್ಞಾನವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ನನಗಂತೂ ಬರುವುದಿಲ್ಲ.

ಬರ್ಶೈನಿಯಲ್ಲಿ ಅಣೆಕಟ್ಟು, ಕಾಂಕ್ರೀಟು, ಟಿಪ್ಪರುಗಳ ಧೂಳು. ಪಾರ್ವತಿ ನದಿಯನ್ನು ಇಲ್ಲಿ ತಡೆದು ಸುರಂಗಕ್ಕೆ ತಿರುಗಿಸಿದ್ದಾರೆ. ಆ ಧೂಳು ದಾಟಿದರೆ ನಕ್ತಾನ್ ಎಂಬ ಹಳ್ಳಿ, ಮರದ ಮನೆಗಳು, ಅಂಗಳಕ್ಕೆ ಬಾಗಿದ ಸೇಬಿನ ಗಿಡಗಳು. ಆಮೇಲೆ ರುದ್ರನಾಗ್ ಎಂಬ ಜಲಪಾತ. ಅಲ್ಲಿಂದ ಸೇತುವೆ ದಾಟಿದರೆ ದೇವದಾರು ಕಾಡಿನೊಳಗೆ ನಿಜವಾದ ಏರು ಶುರು. ದಾರಿಯ ಬದಿಯಲ್ಲಿ ಸೊಂಟದೆತ್ತರಕ್ಕೆ ಸೊಂಪಾಗಿ ಬೆಳೆದಿದ್ದ ಐದೇಳು ಬೆರಳಿನ ಸೊಪ್ಪೊಂದನ್ನು ಭಾವ ಚಿವುಟಿ ಮೂಸಿದರು.

"ಇದು ಎಂತ ಸೊಪ್ಪು? ಘಮ ಉಂಟು. ತಂಬುಳಿಗೆ ಆದೀತಾ?"

"ಆದೀತು ಅಣ್ಣ," ಎಂದಳು ತಂಗಿ. "ಆದರೆ ಉಂಡ ಮೇಲೆ ನೀನು ಊರಿಗೆ ಬರುವುದಿಲ್ಲ ಎನ್ನುವಿ."

ಆ ಗಿಡದಿಂದಾಗಿಯೇ ಈ ಕಣಿವೆಗೆ ಬಂದು ಊರಿಗೆ ಮರಳಲು ಮರೆತವರು ಕಸೋಲಿನ ಬೀದಿಯಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಅಲ್ಲಿಯ ಹೋಟೆಲುಗಳ ಬೋರ್ಡಿನಲ್ಲಿ ಹೀಬ್ರೂ ಅಕ್ಷರಗಳೂ ಇವೆ, ಇಸ್ರೇಲಿನ ಹುಡುಗ ಹುಡುಗಿಯರು ಅಷ್ಟು ಬರುತ್ತಾರೆ. ಭಾವ ಸೊಪ್ಪನ್ನು ಬಿಸಾಡಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಯಾರಾದರೂ ನೋಡಿದರೋ ಎಂದು ಹಿಂದೆ ಮುಂದೆ ನೋಡಿದರು. ನೋಡಿದ್ದು ಒಂದು ಕರಿಯ ನಾಯಿ ಮಾತ್ರ. ನಕ್ತಾನಿನಿಂದ ಅದು ನಮ್ಮ ಜತೆಗೇ ಬರುತ್ತಿತ್ತು, ಬಿಸ್ಕೀಟು ಮುಗಿದಲ್ಲಿ ಬೇರೆಯವರ ಜತೆ ಸೇರಿಕೊಂಡಿತು.

ಎದುರಿನಿಂದ ಇಳಿದು ಬರುವವರನ್ನೆಲ್ಲ ಇನ್ನೆಷ್ಟು ದೂರ ಎಂದು ಕೇಳುತ್ತಿದ್ದೆವು. ಎಲ್ಲರದೂ ಒಂದೇ ಉತ್ತರ, "ಬಸ್, ಆಧಾ ಘಂಟಾ." ರುದ್ರನಾಗಿನಲ್ಲಿ ಅರ್ಧ ಗಂಟೆ, ಸೇತುವೆಯ ಹತ್ತಿರ ಅರ್ಧ ಗಂಟೆ, ಏದುಸಿರು ಬಿಟ್ಟು ಕಲ್ಲಿನ ಮೇಲೆ ಕೂತಾಗಲೂ ಅರ್ಧ ಗಂಟೆ. ಬೆಟ್ಟದವರು ಸುಳ್ಳು ಹೇಳುವುದಿಲ್ಲ. ದಣಿದವರಿಗೆ ಎಷ್ಟು ಹೇಳಿದರೆ ಇನ್ನೊಂದು ಹೆಜ್ಜೆ ಇಟ್ಟಾರು ಎಂಬುದು ಅವರಿಗೆ ಗೊತ್ತು.

ಮೇಲೆ ತಲಪಿದಾಗ ಮೊದಲು ಕಂಡದ್ದು ನೀಲಿ ತಾಡಪಾಲು. ಢಾಬಾಗಳು, ಡೇರೆಗಳು, ಯಾರದೋ ಸ್ಪೀಕರಿನಿಂದ ಪಂಜಾಬಿ ಹಾಡು. 2018ರಲ್ಲಿ ಇಲ್ಲಿಯ ಡೇರೆಗಳನ್ನೆಲ್ಲ ಕೀಳಿಸಿದ್ದರು. ಈಗ ಒಂದೊಂದಾಗಿ ಪುನಃ ಚಿಗುರಿವೆ. ದುರ್ಗಮ ಜಾಗ ಎಂದು ಹೆಸರಾದ ಕೂಡಲೇ ಅಲ್ಲಿಗೆ ಜನ ಹೋಗಲು ಶುರು, ಜನ ಹೋದ ಕೂಡಲೇ ಮ್ಯಾಗಿ ಶುರು. ಆದರೆ ತಾಡಪಾಲಿನ ಸಾಲು ದಾಟಿ ಮೇಲೆ ಹೋದರೆ ಒಂದು ಪುಟ್ಟ ಶಿವನ ಗುಡಿ, ಅದರ ಹತ್ತಿರ ನೀರು.

ಇಲ್ಲಿ ಕಾರ್ತಿಕೇಯ ತಪಸ್ಸಿಗೆ ಕೂತಿದ್ದನಂತೆ. ತಾಯಿ ಪಾರ್ವತಿ ಮಗನಿಗೆ ಹಸಿವಾದೀತೆಂದು ಖೀರು, ಅಂದರೆ ಪಾಯಸ, ಹರಿಸಿದಳು. ಕಲಿಯುಗದಲ್ಲಿ ಪಾಯಸಕ್ಕಾಗಿ ಜನ ಹೊಡೆದಾಡಿಯಾರು ಎಂದು ಪರಶುರಾಮ ಅದನ್ನು ನೀರಾಗಿಸಿದ. ನಮ್ಮ ಕರಾವಳಿಯ ಮಂದಿಗೆ ಪರಶುರಾಮ ಎಂದರೆ ಸಮುದ್ರಕ್ಕೆ ಕೊಡಲಿ ಎಸೆದು ಜಾಗ ಮಾಡಿಕೊಟ್ಟವನು. ಪಾಯಸ ತಪ್ಪಿಸಿದವನೂ ಅವನೇ ಎಂದು ತಿಳಿದು ಭಾವನಿಗೆ ಸ್ವಲ್ಪ ಬೇಸರವಾಯಿತು. ಆದರೂ ಮದುವೆ ಮನೆಯ ಎರಡನೇ ಪಂಕ್ತಿಯಲ್ಲಿ ಪಾಯಸಕ್ಕೆ ಕೂತ ಅನುಭವ ಇರುವವರು ಪರಶುರಾಮನ ದೂರದೃಷ್ಟಿಯನ್ನು ತಳ್ಳಿಹಾಕಲಾರರು.

ಗಂಡಸರ ಕೊಳ ತೆರೆದದ್ದು. ಸಿಮೆಂಟು, ಕಲ್ಲು ಕಟ್ಟಿದ ತೊಟ್ಟಿ, ಸುತ್ತ ಪರ್ವತ. ಚಪ್ಪಲಿ ದೂರ ಬಿಡಬೇಕು, ಸೋಪು ಕೂಡದು, ಹೊರಗೆ ಬೀಳುವ ನೀರಿನಲ್ಲಿ ಮೈ ತೊಳೆದುಕೊಂಡೇ ಇಳಿಯಬೇಕು. ಕಾನೂನು ಸರಿಯೇ, ಆದರೆ ಅದನ್ನು ಪಾಲಿಸಲು ಮೊದಲು ಅಂಗಿ ಕಳಚಬೇಕು. ಸ್ವೆಟರು, ಅದರೊಳಗೆ ಇನ್ನೊಂದು, ಅದರೊಳಗೆ ಬನಿಯನ್ನು, ಒಂದೊಂದು ಪದರ ಕಳಚುವಾಗಲೂ ಎದುರಿನ ಹಿಮಶಿಖರದಿಂದ ಗಾಳಿ ನೇರವಾಗಿ ನನ್ನನ್ನೇ ಹುಡುಕಿಕೊಂಡು ಬರುತ್ತಿತ್ತು. ಭಾವ ಬೈರಾಸು ಸುತ್ತಿ, ಜನಿವಾರ ಸರಿಮಾಡಿ, ಗಂಗೇಚ ಯಮುನೇಚ ಶುರುಮಾಡಿದರು. ಗೋದಾವರಿ ಬರುವಷ್ಟರಲ್ಲಿ ಚಳಿ ತಡೆಯಲಾರದೆ ಉಳಿದ ನದಿಗಳನ್ನು ನೀರಿನೊಳಗಿಂದಲೇ ಕರೆದರು.

ನಾನೂ ಇಳಿದೆ. ಮೊದಲು ಪಾದ ಸುಟ್ಟಂತಾಯಿತು. ಆಮೇಲೆ ಮೊಣಕಾಲು, ಸೊಂಟ, ಕುತ್ತಿಗೆ. ಆಮೇಲೆ ಏನೂ ಇಲ್ಲ. ಮೈ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಗುತ್ತದೆ ಎಂದೇ ತಿಳಿಯದು. ಕಿವಿ ಮಾತ್ರ ಹೊರಗಿದ್ದು ತಣ್ಣಗೆ ಕೊರೆಯುತ್ತ, ನಾವಿರುವುದು ಹಿಮಾಲಯದಲ್ಲಿ ಎಂದು ನೆನಪಿಸುತ್ತಿತ್ತು. ನೀರಿನಲ್ಲಿ ಬಿಳಿಯ ಎಳೆಗಳು ತೇಲುತ್ತವೆ, ಹಾಲಿನ ಕೆನೆ ಹರಿದು ಹಾಕಿದ ಹಾಗೆ. ಖೀರು ಎನ್ನುವುದು ಇದನ್ನು ನೋಡಿಯೇ. ಒಂದು ಎಳೆ ನನ್ನ ಮುಂಗೈಯ ರೋಮಕ್ಕೆ ಸಿಕ್ಕಿಕೊಂಡಿತು. ಎತ್ತಲು ಹೋದರೆ ಬೆರಳಿಗೆ ಸಿಗದೆ ಕರಗಿತು, ಕೈ ನೀರಿಗೆ ಇಳಿಸಿದರೆ ಇನ್ನೊಂದು ಬಂತು. ಗಂಧಕದ ವಾಸನೆ ಹೊತ್ತು ಕಳೆದಂತೆ ಮೂಗಿಗೆ ರೂಢಿಯಾಗುತ್ತದೆ. ತಳದ ನುಣುಪು ಮಣ್ಣು ಹೆಬ್ಬೆರಳಿನ ಸಂದಿಗೆ ಸೇರುತ್ತದೆ. ಎದುರು ಮೂಲೆಯಲ್ಲಿ ದಿಲ್ಲಿಯ ಹುಡುಗರು ಮಾತು ನಿಲ್ಲಿಸಿ ಕೂತಿದ್ದರು. ಅಷ್ಟು ಹೊತ್ತು ಫೋನು ಇಲ್ಲದೆ ಕೂತ ಯುವಕರನ್ನು ನಾನು ನೋಡಿ ವರ್ಷಗಳಾಗಿದ್ದವು. ಪಕ್ಕದಲ್ಲಿ ಕೆಳಗಿನ ಹಳ್ಳಿಯ ಮುದುಕರೊಬ್ಬರು, ಮೊಣಕಾಲಿನ ನೋವಿಗೆಂದು ಬಂದವರು. ಭಾವ ತಮ್ಮ ಮೊಣಕಾಲಿನ ವೃತ್ತಾಂತವನ್ನು ರಾಜಭಾಷೆಯಲ್ಲಿ ಶುರುಮಾಡಿದರು. ಮುದುಕರು ಕಣ್ಣು ಮುಚ್ಚಿ "ಹಾಂ ಜೀ" ಎನ್ನುತ್ತಿದ್ದರು. ಇಷ್ಟು ಗೌರವದಿಂದ ಸುತ್ತೋಲೆ ಕೇಳಿಸಿಕೊಂಡವರು ಭಾವನ ಬ್ಯಾಂಕಿನಲ್ಲೂ ಇದ್ದಿರಲಾರರು.

ನನಗೆ ಅಜ್ಜಿ ನೆನಪಾದರು. ಬಿಸಿನೀರು ಎಂದರೆ ನನಗೆ ಮೊದಲು ನೆನಪಾಗುವುದು ನೀರಲ್ಲ, ಹೊಗೆ. ಹೊಗೆಯ ಹಿಂದೆ ಅಜ್ಜಿ. ಮನೆಯಿಂದ ತುಸು ದೂರದ ಬಚ್ಚಲುಕೊಟ್ಟಿಗೆ, ಅದರೊಳಗೆ ತಾಮ್ರದ ಹಂಡೆ, ಹಂಡೆಯ ಕೆಳಗೆ ಒಲೆ. ನಸುಕಿಗೇ ಎದ್ದು ಅವರು ಮಡಲು, ಕೊತ್ತಳಿಗೆ, ಅಡಿಕೆ ಸಿಪ್ಪೆ ಒಟ್ಟಿ ಊದುಕೊಳವೆಯಿಂದ ಊದುತ್ತಿದ್ದರು. ಜೂನ್ ತಿಂಗಳ ಮಳೆಗೆ ಕೊತ್ತಳಿಗೆ ಒದ್ದೆಯಾಗಿ ಒಲೆ ಹೊತ್ತುತ್ತಿರಲಿಲ್ಲ, ಕಣ್ಣು ಮಾತ್ರ ಉರಿಯುತ್ತಿತ್ತು. ದೀಪಾವಳಿಯ ಹಿಂದಿನ ರಾತ್ರಿ ಆ ಹಂಡೆಯನ್ನು ಹುಳಿ ಹಾಕಿ ತಿಕ್ಕಿ, ಬಳ್ಳಿ ಸುತ್ತಿ, ಜಾಗಟೆ ಬಡಿದು ನೀರು ತುಂಬಿಸುವುದು. ಆ ಒಂದು ದಿನ ಹಂಡೆಗೆ ಪೂಜೆ, ಊದಿದವರಿಗೆ ಏನೂ ಇಲ್ಲ. ಸ್ನಾನಕ್ಕೂ ಒಂದು ಪಂಕ್ತಿ ಇತ್ತು. ಮೊದಲು ಅಜ್ಜ, ಆಮೇಲೆ ಪೂಜೆಗೆ ಕೂರುವವರು, ತೋಟಕ್ಕೆ ಹೋಗುವವರು, ಶಾಲೆಗೆ ಹೋಗುವ ನಾವು, ನೆಂಟರು. ಎಲ್ಲರದ್ದೂ ಆದ ಮೇಲೆ, ಒಲೆ ಬೂದಿಯಾದ ಮೇಲೆ, ಹಂಡೆಯ ತಳದಲ್ಲಿ ಉಳಿದ ಉಗುರುಬೆಚ್ಚಗಿನ ನೀರಿಗೆ ಬಾವಿಯ ನೀರು ಬೆರೆಸಿ ಅಜ್ಜಿ ಮೀಯುತ್ತಿದ್ದರು. ಕೇಳಿದರೆ, "ನನಗೆ ಸುಡುನೀರು ಆಗುವುದಿಲ್ಲ ಮಗಾ, ಉಷ್ಣ ಆಗ್ತದೆ" ಎನ್ನುತ್ತಿದ್ದರು. ಆ ಮಾತನ್ನು ಇಡೀ ಮನೆ ನಂಬಿತ್ತು. ನಂಬಿದರೆ ಎಲ್ಲರಿಗೂ ಅನುಕೂಲವಿತ್ತು.

ಇಲ್ಲಿ ಒಲೆಯೂ ಇಲ್ಲ, ಹೊಗೆಯೂ ಇಲ್ಲ. "ಬೇಗ ಬಾ, ಹಿಂದೆ ಇನ್ನೂ ಜನ ಉಂಟು" ಎನ್ನುವವರಿಲ್ಲ. ಮೀಯುವವರಿದ್ದರೂ ಇಲ್ಲದಿದ್ದರೂ ನೀರು ಹಗಲೂ ರಾತ್ರಿ ಬಂದು ಬಿದ್ದು, ತುಂಬಿ, ಉಕ್ಕಿ ಹೋಗುತ್ತದೆ. ಯಾರ ಕಣ್ಣೂ ಉರಿಯಲಿಲ್ಲ. ಚಿಕ್ಕಪ್ಪ ಕೇಳಿದ ಲಾಭ ಇದೇ ಇರಬಹುದು, ಆದರೆ ಇದನ್ನು ಅವರ ಲೆಕ್ಕದ ಪುಸ್ತಕದಲ್ಲಿ ಯಾವ ಕಲಮಿಗೆ ಹಾಕುವುದು? ಅವರೇ ಇಲ್ಲಿದ್ದರೆ ಹೋಗುವ ನೀರು ನೋಡಿ ಸಂಕಟಪಟ್ಟು, ತೋಟಕ್ಕೆ ಪೈಪು ಎಳೆಯಲು ಇಳಿಜಾರು ಅಳೆಯುತ್ತಿದ್ದರು.

ಕೊಳಕ್ಕೆ ಇಳಿಯುವುದು ಸುಲಭ, ಮೇಲೆ ಬರುವುದೇ ಕಷ್ಟ. ಬಟ್ಟೆ ಹತ್ತು ಹೆಜ್ಜೆ ಆಚೆ. ಆ ಹತ್ತು ಹೆಜ್ಜೆಯಲ್ಲಿ ಚಳಿ. "ನೀವು ಮೊದಲು ಹೋಗಿ ಭಾವ," ಎಂದು ನಾನು. "ಛೆ, ನೀವು ಹೋಗಿ, ನನಗೆ ಅವಸರ ಇಲ್ಲ," ಎಂದು ಅವರು. ನೆಂಟರ ಮನೆಯಲ್ಲೂ ನಾವಿಬ್ಬರು ಒಬ್ಬರಿಗೊಬ್ಬರು ಇಷ್ಟು ಮರ್ಯಾದೆ ಕೊಟ್ಟುಕೊಂಡದ್ದಿಲ್ಲ. ಬೆರಳುಗಳೆಲ್ಲ ನೆರಿಗೆಗಟ್ಟಿದವು. ದಿಲ್ಲಿಯ ಹುಡುಗರು ಒಂದು, ಎರಡು, ಮೂರು ಎಂದು ಕೂಗಿ ಒಟ್ಟಿಗೆ ಎದ್ದು ಓಡಿದರು, ಅರ್ಧದಷ್ಟು ಮಂದಿ ಅಲ್ಲಿಂದಲೇ ತಿರುಗಿ ಬಂದು ಪುನಃ ನೀರಿಗೆ ಬಿದ್ದರು. ಕೊನೆಗೆ ನಮ್ಮನ್ನು ಎಬ್ಬಿಸಿದ್ದು ಹಸಿವು.

ಢಾಬಾದ ಬೆಂಚಿನಲ್ಲಿ ಕಂಬಳಿ ಹೊದ್ದು ಕೂತು ರಾಜ್ಮಾ ಅನ್ನ ಹೇಳಿದೆವು. ಹೆಂಡತಿ ಇನ್ನೂ ಬಂದಿರಲಿಲ್ಲ. ಅನ್ನ ಬಂತು, ಅವಳು ಬರಲಿಲ್ಲ. ಅನ್ನ ಆರಿತು. ಸ್ನಾನದಲ್ಲಿ ಅವಳು ಯಾವಾಗಲೂ ಚುರುಕು. ಮನೆಯಲ್ಲಿ ಮೂರನೇ ಸೀಟಿಗೆ ಕುಕ್ಕರು ಇಳಿಸಬೇಕೆಂದು ಬಚ್ಚಲಿನಿಂದಲೇ ಸೀಟಿ ಎಣಿಸುವವಳು. ಹೆಂಗಸರ ಕೊಳಕ್ಕೆ ಸುತ್ತ ಗೋಡೆ ಇದೆ. ಹೊರಗೆ ನಿಂತು ಕೂಗುವಂತೆಯೂ ಇಲ್ಲ. ಒಳಗಿಂದ ಬಂದ ಹುಡುಗಿಯೊಬ್ಬಳನ್ನು ಭಾವ ಕೇಳಿಯೇಬಿಟ್ಟರು. ಅವಳು ನಕ್ಕು, "ಆಂಟಿ ಚೆನ್ನಾಗಿದ್ದಾರೆ, ಬರುವುದಿಲ್ಲ ಎಂದರು," ಎಂಬ ಅರ್ಥದ ಹಿಂದಿ ಹೇಳಿ ಹೋದಳು.

ಬಂದಾಗ ಅವಳ ಮುಖ ಕೆಂಪಾಗಿತ್ತು.

"ನಿಮಗೆ ಹಿಮಾಲಯ, ನಮಗೆ ಸಿಮೆಂಟಿನ ಗೋಡೆ. ನ್ಯಾಯವಾ ಇದು?"

ನ್ಯಾಯ ಖಂಡಿತ ಅಲ್ಲ. ಅಷ್ಟು ದೂರ ಅದೇ ಕಲ್ಲು, ಅದೇ ಏರು ಹತ್ತಿ ಬಂದವರಿಗೆ ಕಾಣುವುದು ನಾಲ್ಕು ಗೋಡೆ ಮತ್ತು ಮೇಲೆ ಒಂದು ತುಂಡು ಆಕಾಶ. ನಾನು ಸಮಾಧಾನ ಹೇಳಲು ಬಾಯಿ ತೆರೆಯುವ ಮೊದಲೇ ಅವಳು ಆರಿದ ಅನ್ನಕ್ಕೆ ರಾಜ್ಮಾ ಕಲಸುತ್ತ, "ಆದರೆ ಒಂದಕ್ಕೆ ಒಳ್ಳೆಯದೇ ಆಯಿತು," ಎಂದಳು. "ನೋಡಲಿಕ್ಕೆ ಏನೂ ಇರಲಿಲ್ಲ. ಕಣ್ಣು ಮುಚ್ಚಿ ಕೂತೆ. ಯಾರೂ ಬಾಗಿಲು ಬಡಿಯಲಿಲ್ಲ."

ಭಾವ ಇದಕ್ಕೆ ಏನೋ ಹೇಳಹೊರಟು ಉಪ್ಪಿನಕಾಯಿ ಹಾಕಿಕೊಂಡರು.

ಸಂಜೆ ಅವಳು ಇನ್ನೊಮ್ಮೆ ಹೋದಳು. ಊಟವಾದ ಮೇಲೆ, ಡೇರೆಯ ಹೊರಗೆ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗುವ ಹೊತ್ತಿಗೆ ಟಾರ್ಚು ಹಿಡಿದು ಮತ್ತೊಮ್ಮೆ. ಮೊಣಕಾಲು, ಶೀತ, ಬಿಪಿ ಎಂದು ಭಾವ ಒಂದೊಂದಾಗಿ ಆಕ್ಷೇಪ ಎತ್ತಿದರು. ತಂಗಿ ಒಂದೊಂದಕ್ಕೂ "ಹೂಂ ಅಣ್ಣ" ಎಂದು ಬೈರಾಸು ತೆಗೆದುಕೊಂಡು ನಡೆದಳು.

ಮರುದಿನ ಏಳು ಗಂಟೆಗೇ ಇಳಿಯಲು ಶುರುಮಾಡಿದರೆ ಮಧ್ಯಾಹ್ನದ ಬಸ್ಸು ಸಿಗುತ್ತದೆ ಎಂದು ಭಾವ ರಾತ್ರಿಯೇ ಲೆಕ್ಕ ಹಾಕಿಟ್ಟಿದ್ದರು. ಬೆಳಿಗ್ಗೆ ಬ್ಯಾಗು ಕಟ್ಟಿ, ಬೂಟಿನ ಲೇಸು ಬಿಗಿದು ನಾವಿಬ್ಬರು ತಯಾರಾಗಿ ನಿಂತೆವು. ಅವಳು ಡೇರೆಯಿಂದ ಹೊರಗೆ ಬಂದಳು, ಕಾಲಲ್ಲಿ ಚಪ್ಪಲಿ, ಹೆಗಲಲ್ಲಿ ಬೈರಾಸು.

"ಬಸ್, ಆಧಾ ಘಂಟಾ," ಎಂದು ಮೇಲೆ ಹತ್ತಿ ಹೋದಳು.

ಭಾವ ಗಡಿಯಾರ ನೋಡಲಿಲ್ಲ. ಬೂಟಿನ ಲೇಸು ಸಡಿಲ ಮಾಡಿ ಬೆಂಚಿನ ಮೇಲೆ ಕೂತು, ಢಾಬಾದ ಹುಡುಗನನ್ನು ಕರೆದು, ಕೃಪಯಾ ಗಿಪಯಾ ಯಾವುದೂ ಇಲ್ಲದೆ, "ದೋ ಆಲೂ ಪರಾಠಾ, ಭೈಯಾ. ಆರಾಮ್ ಸೇ," ಎಂದರು.